ಯಾವ ಪೆಟ್ಟಿಗೆ ಖಾಲಿ, ಯಾವುದು ತುಂಬಿದೆ: ಪಾಯಿಂಟ್ ಕ್ಲೌಡ್ ಕುಗ್ಗಿಸುವ ಕೆಲಸದ ಒಳಗೆ

ಇದು ಒಂದು ಉಪನ್ಯಾಸದ ಬರಹ ರೂಪ. ಕೇಳಲು ಬಂದವರಲ್ಲಿ ಎಂಜಿನಿಯರಿಂಗ್ ಓದುವವರಿದ್ದರು, ಮ್ಯಾಪಿಂಗ್, ಗೇಮ್, ರೋಬೋಟ್ ಅಂತ ಬೇರೆ ಬೇರೆ ಕೆಲಸದಲ್ಲಿರುವವರೂ ಇದ್ದರು. ಬೋರ್ಡ್ ಮೇಲೆ ಗೀಚಿದ್ದನ್ನೆಲ್ಲ ಇಲ್ಲಿ ಮಾತಲ್ಲೇ ಹೇಳಿದ್ದೇನೆ. ಅಲ್ಲಿ ಅವಸರದಲ್ಲಿ ದಾಟಿಹೋದ ಒಂದೆರಡು ಲೆಕ್ಕಗಳನ್ನೂ ಬಿಡಿಸಿ ಹಾಕಿದ್ದೇನೆ. ಲಾಗರಿದಮ್ ಅಂದರೆ ಏನು ಅಂತ ನೆನಪಿದ್ದರೆ ಸಾಕು, ಉಳಿದದ್ದು ಗೊತ್ತಾಗುತ್ತದೆ.

ಮೊದಲು ಡೇಟಾ ಎಷ್ಟಿದೆ ಅಂತ ನೋಡೋಣ.

ಪಾಯಿಂಟ್ ಕ್ಲೌಡ್ ಅಂದರೆ ಮೂರು ಆಯಾಮದಲ್ಲಿ ಚೆಲ್ಲಿದ ಚುಕ್ಕಿಗಳು, ಅಷ್ಟೇ. ಪ್ರತಿ ಚುಕ್ಕಿಗೂ ಎಕ್ಸ್, ವೈ, ಝಡ್ ಅಂತ ಮೂರು ಅಂಕಿ. ಜೊತೆಗೆ ಬಣ್ಣವೋ, ಲೇಸರ್ ಎಷ್ಟು ಜೋರಾಗಿ ವಾಪಸ್ ಬಂತು ಅನ್ನೋದೋ ಇರಬಹುದು. ಜರ್ಮನಿಯ ಕಾರ್ಲ್ಸ್‌ರೂಹ ಊರಿನ ರಸ್ತೆಗಳಲ್ಲಿ ಕಾರು ಓಡಿಸಿ ಮಾಡಿದ ಕಿಟ್ಟಿ ಡೇಟಾಸೆಟ್ ನಿಮ್ಮಲ್ಲಿ ಹಲವರು ಬಳಸಿರುತ್ತೀರಿ. ಆ ಕಾರಿನ ಮೇಲೆ 64 ಲೇಸರ್ ಇರುವ ವೆಲೊಡೈನ್ ಲೈಡಾರ್ (ಲೇಸರ್ ಬಿಟ್ಟು ದೂರ ಅಳೆಯುವ ಸೆನ್ಸರ್) ಸೆಕೆಂಡಿಗೆ 10 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 1,20,000 ಪಾಯಿಂಟ್, ಒಂದೊಂದು ಪಾಯಿಂಟ್‌ಗೆ 16 ಬೈಟ್. ಗುಣಿಸಿ ನೋಡಿ: ಸೆಕೆಂಡಿಗೆ 19 ಎಂಬಿ ಚಿಲ್ಲರೆ, ಗಂಟೆಗೆ ಹತ್ತಿರಹತ್ತಿರ 70 ಜಿಬಿ. ಒಂದೇ ಕಾರು, ಒಂದೇ ಸೆನ್ಸರ್.

ಇನ್ನೊಂದು ಬಗೆಯ ಡೇಟಾ ಇದೆ. ಸುತ್ತ ಕ್ಯಾಮೆರಾ ಇಟ್ಟು ಒಬ್ಬ ಮನುಷ್ಯನನ್ನು ಪೂರ್ತಿ ಮೂರು ಆಯಾಮದಲ್ಲಿ ಹಿಡಿಯುವುದು. ಈ ಕ್ಷೇತ್ರದಲ್ಲಿ ಎಲ್ಲರೂ ಪರೀಕ್ಷೆಗೆ ಬಳಸುವ ‘ಲಾಂಗ್‌ಡ್ರೆಸ್’ ಅನ್ನೋ ತುಣುಕಿದೆ, ಉದ್ದ ಉಡುಪು ತೊಟ್ಟ ಹೆಣ್ಣುಮಗಳದ್ದು, 8ಐ ಕಂಪನಿ ಕೊಟ್ಟಿದ್ದು. ಒಂದು ಫ್ರೇಮ್‌ನಲ್ಲಿ 8 ಲಕ್ಷದ ಮೇಲೆ ಪಾಯಿಂಟ್. ಪ್ರತಿ ಅಕ್ಷಕ್ಕೆ 10 ಬಿಟ್, ಅಂದರೆ ಜಾಗ ಹೇಳಲು 30 ಬಿಟ್, ಬಣ್ಣಕ್ಕೆ 24 ಬಿಟ್. ಸೆಕೆಂಡಿಗೆ 30 ಫ್ರೇಮ್ ಅಂದರೆ 130 ಕೋಟಿ ಬಿಟ್. ಮನೆಯ ಬ್ರಾಡ್‌ಬ್ಯಾಂಡ್ ಕಥೆ ಬಿಡಿ, ಒಳ್ಳೆ ಆಫೀಸ್ ನೆಟ್‌ವರ್ಕ್ ಕೂಡ ಏದುಸಿರು ಬಿಡುತ್ತದೆ.

ಇವತ್ತಿನ ಮಾತು ಮುಖ್ಯವಾಗಿ ಆ 30 ಬಿಟ್ ಬಗ್ಗೆ. ಬಣ್ಣದ ವಿಷಯ ಕೊನೆಗೆ ಸ್ವಲ್ಪ ಮುಟ್ಟುತ್ತೇನೆ. ಲಾಂಗ್‌ಡ್ರೆಸ್‌ನ ಆ 30 ಬಿಟ್, ಒಂದು ಚುಕ್ಕಿಯನ್ನೂ ಕಳೆಯದೆ, ಒಂದು ಪಾಯಿಂಟ್‌ಗೆ ಸುಮಾರು 1 ಬಿಟ್‌ಗೆ ಇಳಿಯುತ್ತದೆ. ಲಾಸ್‌ಲೆಸ್. ಇದನ್ನು ಹೇಳಿದಾಗ ಯಾರೂ ನಂಬಲ್ಲ, ಅದಕ್ಕೇ ಬಿಡಿಸಿ ತೋರಿಸಬೇಕು.

ಸುಮ್ನೆ ಜಿಪ್ ಮಾಡಿದರೆ ಆಗಲ್ವಾ ಅಂತ ಕೇಳುತ್ತೀರಿ. ಜಿಪ್ ಹುಡುಕುವುದು ಮತ್ತೆ ಮತ್ತೆ ಬರುವ ಬೈಟ್ ಸಾಲುಗಳನ್ನು. ಫ್ಲೋಟ್‌ನಲ್ಲಿ, ಅಂದರೆ ದಶಮಾಂಶ ಸಂಖ್ಯೆಯಾಗಿ, ಬರೆದ ಜಾಗದ ಅಂಕಿಗಳಲ್ಲಿ ಆ ತರಹದ ಪುನರಾವರ್ತನೆ ಕಡಿಮೆ. ಎರಡು ಪಾಯಿಂಟ್ ಪಕ್ಕಪಕ್ಕದಲ್ಲೇ ಇದ್ದರೂ ಬೈಟ್ ನೋಡಿದರೆ ಒಂದರ ಕೊನೆಯ ಭಾಗಕ್ಕೂ ಇನ್ನೊಂದರದ್ದಕ್ಕೂ ಸಂಬಂಧವೇ ಕಾಣಲ್ಲ. ಇಲ್ಲಿ ಪುನರಾವರ್ತನೆ ಇರುವುದು ಆಕಾರದಲ್ಲಿ. ಅದು ಜಿಪ್‌ಗೆ ಕಾಣಲ್ಲ.

ಮೊದಲ ದೊಡ್ಡ ಉಳಿತಾಯ ಬರುವುದು ಯಾರೂ ಯೋಚಿಸದ ಕಡೆಯಿಂದ. ಈ 8 ಲಕ್ಷ ಚುಕ್ಕಿಗಳನ್ನು ಯಾವ ಕ್ರಮದಲ್ಲಿ ಬರೆದಿದ್ದೀರಿ? ಫೈಲ್ ಅಂದ ಮೇಲೆ ಒಂದು ಕ್ರಮ ಇರಲೇಬೇಕು. ಆದರೆ ನೋಡುವವನಿಗೆ ಅದು ಬೇಕಿಲ್ಲ, ಮೂಗಿನ ಚುಕ್ಕಿ ಮೊದಲು ಬಂತೋ ಮಂಡಿಯದು ಮೊದಲು ಬಂತೋ ಯಾರಿಗೆ ಬೇಕು? ಬೇಡದ ಆ ಕ್ರಮಕ್ಕೆ ನಾವು ದುಡ್ಡು ಕೊಡುತ್ತಿದ್ದೇವೆ. ಎಷ್ಟು ಅಂತ ಲೆಕ್ಕ ಹಾಕಬಹುದು: ಎನ್ ಪಾಯಿಂಟ್‌ಗಳನ್ನು ಎನ್ ಫ್ಯಾಕ್ಟೋರಿಯಲ್ ಬಗೆಯಲ್ಲಿ ಜೋಡಿಸಬಹುದು, ಅದರ ಲಾಗ್ (ಇಲ್ಲೆಲ್ಲ 2ರ ಆಧಾರದ ಲಾಗ್) ತೆಗೆದು ಎನ್‌ನಿಂದ ಭಾಗಿಸಿದರೆ 8 ಲಕ್ಷಕ್ಕೆ ಒಂದು ಪಾಯಿಂಟ್‌ಗೆ ಸುಮಾರು 18 ಬಿಟ್ ಬರುತ್ತದೆ. 30ರಲ್ಲಿ 18 ಬಿಟ್ ಬರೀ ಸಾಲಿನ ಕ್ರಮಕ್ಕೆ! ಕ್ರಮ ಬಿಟ್ಟುಬಿಟ್ಟರೆ, ಪಾಯಿಂಟ್‌ಗಳನ್ನು ಸುಮ್ನೆ ಎಲ್ಲೆಂದರಲ್ಲಿ ಎರಚಿದ್ದರೂ ತಲಾ 12 ಬಿಟ್ ಸಾಕು.

ಆದರೆ ಎರಚಿಲ್ಲ ಅಲ್ವಾ. ಅವು ಒಬ್ಬ ಹೆಣ್ಣುಮಗಳ ಮೈ ಮೇಲೆ, ಬಟ್ಟೆ ಮೇಲೆ ಕೂತಿವೆ. ಇಲ್ಲಿ ಆಕ್ಟ್ರೀ ಬರುತ್ತದೆ.

ಆಕ್ಟ್ರೀ ಹೊಸದೇನಲ್ಲ, ಡೊನಾಲ್ಡ್ ಮೀಗರ್ 1980ರಲ್ಲೇ ಬರೆದಿದ್ದರು. ಇಡೀ ದೃಶ್ಯವನ್ನು ಒಂದು ದೊಡ್ಡ ಪೆಟ್ಟಿಗೆಯಲ್ಲಿ ಇಡಿ. ಅದನ್ನು ಮೂರೂ ದಿಕ್ಕಿಗೆ ಅರ್ಧ ಮಾಡಿ, ಎಂಟು ಮರಿ ಪೆಟ್ಟಿಗೆ. ಯಾವುದರಲ್ಲಿ ಚುಕ್ಕಿ ಇದೆಯೋ ಅದಕ್ಕೆ 1, ಖಾಲಿ ಇದ್ದರೆ 0. ಎಂಟು ಬಿಟ್, ಒಂದು ಬೈಟ್. ಖಾಲಿ ಪೆಟ್ಟಿಗೆ ಬಿಟ್ಟುಬಿಡಿ, ತುಂಬಿದ್ದನ್ನು ಮತ್ತೆ ಎಂಟು ಮಾಡಿ. ಹತ್ತು ಮಟ್ಟ ಇಳಿದರೆ 10 ಬಿಟ್‌ನ ಅಂಕಿ ಮುಗಿಯಿತು. ಇದಕ್ಕೆ ಬೇರೆ ಗಣಿತವೂ ಬೇಡ, ಅಂಕಿಗಳ ಬಿಟ್ ಹೆಣೆದರೆ ಅದೇ ದಾರಿ. ಎಕ್ಸ್ 5, ವೈ 2, ಝಡ್ 3 ಅನ್ನಿ. ಬೈನರಿಯಲ್ಲಿ 101, 010, 011. ಮೂರರ ಮೊದಲ ಬಿಟ್ ತೆಗೆದರೆ 100, ಅಂದರೆ 0ಯಿಂದ ಎಣಿಸಿದರೆ 4ನೇ ಮರಿ. ಎರಡನೆಯದು 011, ಅಂದರೆ 3ನೇ ಮರಿ. ಮೂರನೆಯದು 101, 5ನೇ ಮರಿ. 4, 3, 5 ಅಂತ ಇಳಿದರೆ ಆ ಚುಕ್ಕಿಯ ಮನೆ ಸಿಕ್ಕಿತು.

ಈಗ ಖರ್ಚು ನೋಡಿ. ಮೈ, ಬಟ್ಟೆ ಇವೆಲ್ಲ ಮೇಲ್ಮೈ. ಪೆಟ್ಟಿಗೆಯ ಅಳತೆ ಅರ್ಧವಾದಾಗ ಮೇಲ್ಮೈ ಮುಟ್ಟುವ ಪೆಟ್ಟಿಗೆಗಳು ಎಂಟು ಪಟ್ಟಾಗಲ್ಲ, ನಾಲ್ಕು ಪಟ್ಟಾಗುತ್ತವೆ. ಹಾಗಾಗಿ ಕೊನೆಯ ಮಟ್ಟದಲ್ಲಿ ಎನ್ ಪಾಯಿಂಟ್ ಇದ್ದರೆ ಅದರ ಮೇಲಿನ ಮಟ್ಟದಲ್ಲಿ ಎನ್‌ನ ಕಾಲು ಭಾಗ, ಅದರ ಮೇಲೆ ಹದಿನಾರನೇ ಒಂದು ಭಾಗ, ಹೀಗೆ ಕೂಡುತ್ತಾ ಹೋದರೆ ಒಟ್ಟು ಎನ್‌ನ ಮೂರನೇ ಒಂದು ಭಾಗ. ಪ್ರತಿಯೊಂದಕ್ಕೂ 8 ಬಿಟ್. ಅಂದರೆ ಒಂದು ಪಾಯಿಂಟ್‌ಗೆ 8/3, ಸುಮಾರು 2.7 ಬಿಟ್. ಇನ್ನೂ ಎಂಟ್ರೊಪಿ ಕೋಡಿಂಗ್ (ಊಹಿಸಬಹುದಾದ ಉತ್ತರಕ್ಕೆ ಕಡಿಮೆ ಬಿಟ್ ಕೊಡುವ ವಿದ್ಯೆ) ಹೆಸರೇ ಎತ್ತಿಲ್ಲ, 30 ಇದ್ದದ್ದು 2.7ಕ್ಕೆ ಬಂತು. ಇದೊಂದು ಲೆಕ್ಕ ನನಗೆ ಈ ಇಡೀ ಕ್ಷೇತ್ರದಲ್ಲೇ ಬಹಳ ಇಷ್ಟ.

ಇಲ್ಲಿಂದ 1 ಬಿಟ್‌ನ ಹತ್ತಿರಕ್ಕೆ ಹೋಗುವುದು ಅಡಾಪ್ಟಿವ್, ಅಂದರೆ ನೋಡುತ್ತಾ ನೋಡುತ್ತಾ ಕಲಿಯುವ, ಎಂಟ್ರೊಪಿ ಕೋಡಿಂಗ್‌ನ ಕೆಲಸ. ಉಳಿದ ಮಾತೆಲ್ಲ ಅದರದ್ದೇ.

ಮಾಹಿತಿ ಸಿದ್ಧಾಂತ ಕಟ್ಟಿದ ಕ್ಲಾಡ್ ಶಾನನ್ 1948ರಲ್ಲಿ ಹೇಳಿದ್ದು ಇಷ್ಟು: ಒಂದು ಘಟನೆಯ ಸಾಧ್ಯತೆ ‘ಪಿ’ ಆದರೆ ಅದನ್ನು ಹೇಳಲು ಬೇಕಾದದ್ದು ಮೈನಸ್ ಲಾಗ್ ಪಿ ಬಿಟ್. ‘ಕರ್ನಾಟ’ ಅಂತ ಬರೆದು ಪೆನ್ನು ಎತ್ತಿದರೆ ಮುಂದಿನ ಅಕ್ಷರ ನಿಮಗೆಲ್ಲ ಗೊತ್ತು, ಅದನ್ನು ಹೇಳಲು ಬಿಟ್ ಏನೂ ಖರ್ಚಾಗಬಾರದು. ಶಾನನ್ 1951ರಲ್ಲಿ ಇಂಗ್ಲಿಷ್ ಪಠ್ಯ ಇಟ್ಟುಕೊಂಡು ಜನರ ಕೈಲಿ ಹೀಗೇ ಅಕ್ಷರ ಊಹೆ ಮಾಡಿಸಿದ್ದರು. ನಮ್ಮಲ್ಲಿ ಊಹಿಸಬೇಕಾದ್ದು ಅಕ್ಷರ ಅಲ್ಲ, ಒಂದೇ ಪ್ರಶ್ನೆ: ಈ ಮರಿ ಪೆಟ್ಟಿಗೆ ಖಾಲಿಯೋ, ತುಂಬಿದೆಯೋ?

ಖಾಲಿ ಅಂತ ಶೇ. 50 ನಂಬಿಕೆ ಇದ್ದರೆ 1 ಬಿಟ್ ಖರ್ಚು. ಶೇ. 90 ನಂಬಿಕೆ ಇದ್ದು ಅದು ನಿಜವಾದರೆ 0.15 ಬಿಟ್. ಶೇ. 90 ನಂಬಿ ಉಲ್ಟಾ ಹೊಡೆದರೆ 3.3 ಬಿಟ್. ಶೇ. 99 ನಂಬಿ ತಪ್ಪಿದರೆ 6.6 ಬಿಟ್. ಗಮನಿಸಿ, ಅತಿಯಾದ ಆತ್ಮವಿಶ್ವಾಸಕ್ಕೆ ದಂಡ ಜೋರು.

ಸರಿ, 0.15 ಬಿಟ್ ಬರೆಯುವುದು ಹೇಗೆ? ಅರ್ಧ ಬಿಟ್ ಅನ್ನೋದೇ ಇಲ್ಲವಲ್ಲ. 1952ರ ಹಫ್‌ಮನ್ ಕೋಡ್ ಇಲ್ಲೇ ಸೋಲುತ್ತದೆ, ಅದಕ್ಕೆ ಒಂದು ಉತ್ತರಕ್ಕೆ ಕಡಿಮೆ ಅಂದರೂ 1 ಬಿಟ್ ಬೇಕು. ಹೌದು-ಇಲ್ಲ ಉತ್ತರಕ್ಕೆ ಹಫ್‌ಮನ್ ಒಂದು ಪೈಸೆ ಉಳಿಸಲ್ಲ. 1976ರಲ್ಲಿ ಐಬಿಎಂನ ಯೋರ್ಮಾ ರಿಸಾನೆನ್, ಅದೇ ವರ್ಷ ರಿಚರ್ಡ್ ಪಾಸ್ಕೊ, ಒಬ್ಬರಿಗೊಬ್ಬರು ಸಂಬಂಧ ಇಲ್ಲದೆ ಅರಿತ್‌ಮೆಟಿಕ್ ಕೋಡಿಂಗ್ ಅನ್ನು ಕೆಲಸಕ್ಕೆ ಬರುವ ರೂಪಕ್ಕೆ ತಂದರು. 0ಯಿಂದ 1ರವರೆಗೆ ಒಂದು ಗೆರೆ ಎಳೆಯಿರಿ. ‘ಖಾಲಿ’ಗೆ ಶೇ. 90 ಸಾಧ್ಯತೆ ಇದ್ದರೆ ಗೆರೆಯ ಮೊದಲ 0.9 ಭಾಗ ಖಾಲಿಯದು, ಉಳಿದ ತುಂಡು ತುಂಬಿದ್ದರದು. ಉತ್ತರ ಖಾಲಿ ಅಂತ ಬಂದರೆ 0.9 ಉದ್ದದ ತುಂಡು ಇಟ್ಟುಕೊಂಡು ಅದನ್ನೇ ಮತ್ತೆ ಹಾಗೇ ಕತ್ತರಿಸಿ. ಮೂರು ಸಲ ಖಾಲಿ ಬಂದರೆ 0.729 ಉದ್ದ ಉಳಿಯಿತು. ಆ ತುಂಡಿನೊಳಗೆ ಬೀಳುವ ಒಂದು ಅಂಕಿ ಬರೆದರೆ ಸಾಕು, ಮೂರು ಉತ್ತರವೂ ಅದರೊಳಗೆ ಇದೆ. ಖರ್ಚು 0.46 ಬಿಟ್. ಮೂರು ಪ್ರಶ್ನೆಗೆ ಅರ್ಧ ಬಿಟ್ಟೂ ಇಲ್ಲ! ಐಬಿಎಂ ಪೇಟೆಂಟ್‌ಗಳ ಭಯಕ್ಕೆ ಎಷ್ಟೋ ವರ್ಷ ಜನ ಇದನ್ನು ಮುಟ್ಟಲು ಹಿಂದೆಮುಂದೆ ನೋಡಿದರು. ಜೆಪೆಗ್‌ನಲ್ಲಿ ಅರಿತ್‌ಮೆಟಿಕ್ ಕೋಡಿಂಗ್‌ನ ಆಯ್ಕೆ ಮೊದಲಿಂದಲೂ ಇದೆ, ನಿಮ್ಮ ಫೋನಿನ ಜೆಪೆಗ್ ಫೋಟೋಗಳಲ್ಲಿ ಅದು ಸಿಗಲ್ಲ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಅರಿತ್‌ಮೆಟಿಕ್ ಕೋಡರ್ ಅನ್ನೋದು ಮುಗಿದ ಕೆಲಸ. ನೀವು ಕೊಟ್ಟ ಸಾಧ್ಯತೆಗೆ ತಕ್ಕ ಬಿಟ್‌ಗಿಂತ ಕೂದಲೆಳೆ ಜಾಸ್ತಿ ಮಾತ್ರ ಅದು ಖರ್ಚು ಮಾಡುತ್ತದೆ. ಅದನ್ನು ಇನ್ನೂ ಚೆನ್ನಾಗಿ ಮಾಡುತ್ತೇನೆ ಅಂತ ಕೂರಬೇಡಿ. ಕುಗ್ಗಿಸುವಿಕೆಯ ಎಲ್ಲ ಬುದ್ಧಿ ಇರುವುದು ಆ ಸಾಧ್ಯತೆ ಎಲ್ಲಿಂದ ತರುತ್ತೀರಿ ಅನ್ನೋದರಲ್ಲಿ. ಅಂದರೆ ಮೂರು ಪ್ರಶ್ನೆ: ಊಹಿಸುವ ಮೊದಲು ಯಾವ ಕಡೆ ನೋಡಬೇಕು? ಕಂಡದ್ದನ್ನು ಎಷ್ಟು ಬೇಗ ನಂಬಬೇಕು? ಯಾವಾಗ ಮರೆಯಬೇಕು?

ನಂಬಿಕೆಯಿಂದ ಶುರು ಮಾಡೋಣ. ಸಾಧ್ಯತೆಗಳ ಟೇಬಲ್ ಮೊದಲೇ ಲೆಕ್ಕ ಹಾಕಿ ಫೈಲ್ ಜೊತೆ ಕಳಿಸಬಹುದು. ಆದರೆ ಟೇಬಲ್ಲಿಗೇ ಬಿಟ್ ಬೇಕು, ಮೇಲಾಗಿ ಮುಖದ ಹತ್ತಿರ ಸರಿಯಿದ್ದ ಟೇಬಲ್ ಬಟ್ಟೆಯ ನಿರಿಗೆಗೆ ಸರಿ ಹೊಂದಲ್ಲ. ಅಡಾಪ್ಟಿವ್ ಕೋಡರ್ ಟೇಬಲ್ ಕಳಿಸುವುದೇ ಇಲ್ಲ. ಫೈಲ್ ಬರೆಯುವ ಎನ್‌ಕೋಡರ್ ಕೂಡ ಅರ್ಧ-ಅರ್ಧ ಅಂತ ಶುರು ಮಾಡುತ್ತದೆ, ಅದನ್ನು ಓದಿ ಬಿಡಿಸುವ ಡಿಕೋಡರ್ ಕೂಡ. ಒಂದೊಂದು ಉತ್ತರ ಬಂದಂತೆ ಇಬ್ಬರೂ ಒಂದೇ ನಿಯಮದಲ್ಲಿ ತಮ್ಮ ನಂಬಿಕೆ ತಿದ್ದಿಕೊಳ್ಳುತ್ತಾರೆ. ಇಬ್ಬರೂ ನೋಡಿದ್ದು ಒಂದೇ ಆದ್ದರಿಂದ ಇಬ್ಬರ ಅಂಕಿಯೂ ಸದಾ ಒಂದೇ.

ಒಂದು ನಿಜವಾದ ನಿಯಮ ನೋಡಿ. 7-ಜಿಪ್ ತಂತ್ರಾಂಶದ ಎಲ್‌ಝಡ್‌ಎಂಎ ಅನ್ನೋ ಕುಗ್ಗಿಸುವ ವಿಧಾನ ಬಳಸುವುದು, ಎರಡೇ ಸಾಲಿನ ಕೋಡ್. ಉತ್ತರ 0 ಬರುವ ಸಾಧ್ಯತೆಯನ್ನು 2048ಕ್ಕೆ ಇಷ್ಟು ಅಂತ ಇಡಿ, ಶುರುವಿಗೆ 1024. ಉತ್ತರ 0 ಬಂದರೆ 2048ಕ್ಕೆ ಎಷ್ಟು ಕಮ್ಮಿ ಇದೆಯೋ ಅದರ 32ನೇ ಒಂದು ಭಾಗ ಸೇರಿಸಿ. 1 ಬಂದರೆ ಇರುವುದರ 32ನೇ ಒಂದು ಭಾಗ ಕಳೆಯಿರಿ. ಮೊದಲ 0 ಬಂದಾಗ 1024 ಇದ್ದದ್ದು 1056, ಮತ್ತೊಂದು 0 ಬಂದರೆ 1087. ಭಾಗಾಕಾರ ಇಲ್ಲ, ಬರೀ ಬಿಟ್ ಸರಿಸುವ ಶಿಫ್ಟ್. ಹಳೆಯ ನೆನಪು ತಾನಾಗೇ ಮಸುಕಾಗುತ್ತಾ ಹೋಗುತ್ತದೆ, ಅದೂ ಬಿಟ್ಟಿಯಾಗಿ ಸಿಕ್ಕಿತು. ಕೊರತೆ ಏನೆಂದರೆ, ಈ ಅಂಕಿ ಮೇಲಕ್ಕೆ ಹತ್ತುತ್ತಾ ಹೋಗಿ 2017ಕ್ಕೆ ನಿಂತುಬಿಡುತ್ತದೆ, ಯಾಕೆಂದರೆ ಉಳಿದ 31ರ 32ನೇ ಭಾಗ ಪೂರ್ಣಾಂಕದಲ್ಲಿ ಸೊನ್ನೆ. ಹಾಗಾಗಿ ಎಷ್ಟೇ ಖಚಿತ ಇದ್ದರೂ ಒಂದು ಉತ್ತರಕ್ಕೆ 0.02 ಬಿಟ್ ಕೊಡಲೇಬೇಕು. ಸಣ್ಣದು ಅನಿಸುತ್ತದೆ, ಆದರೆ ಖಾಲಿ ಪೆಟ್ಟಿಗೆಗಳೇ ಜಾಸ್ತಿ ಇರುವ ಕಡೆ ಇದೂ ಸೇರುತ್ತದೆ.

32ರ ಬದಲು 16 ಹಾಕಿದರೆ ಬೇಗ ಕಲಿಯುತ್ತದೆ, ಆದರೆ ಪ್ರತಿ ಉತ್ತರಕ್ಕೂ ಮನಸ್ಸು ಬದಲಿಸುತ್ತದೆ. 128 ಹಾಕಿದರೆ ನಿಧಾನ, ಆದರೆ ಗಟ್ಟಿ. ಯಾವುದು ಸರಿ? ಎರಡೂ ಇಟ್ಟುಕೊಳ್ಳಿ! 2020ರ ವಿಡಿಯೋ ಸ್ಟಾಂಡರ್ಡ್ ವಿವಿಸಿ ಅದನ್ನೇ ಮಾಡುತ್ತದೆ, ಒಂದು ಚುರುಕಿನದು, ಒಂದು ನಿಧಾನದ್ದು, ಎರಡರ ಸರಾಸರಿ. ನಿಮಗೆ ಬೇರೆ ಏನೂ ಮಾಡಲು ಹೊತ್ತಿಲ್ಲ ಅಂದರೆ ಇದೊಂದು ಮಾಡಿ, ಫಲ ಸಿಗುತ್ತದೆ.

ಈಗ ಯಾವ ಕಡೆ ನೋಡಬೇಕು ಅನ್ನೋದು. ಇದೇ ಕಾಂಟೆಕ್ಸ್ಟ್, ಅಂದರೆ ಊಹಿಸುವ ಮೊದಲು ನೋಡಿಕೊಳ್ಳುವ ಸಂದರ್ಭ, ಈ ವಿದ್ಯೆಯ ತಿರುಳು.

ವಿಡಿಯೋ, ಆಡಿಯೋ ಸ್ಟಾಂಡರ್ಡ್‌ಗಳನ್ನು ಮಾಡುವ ಎಂಪೆಗ್ ಸಮಿತಿ 2017ರಲ್ಲಿ ಪಾಯಿಂಟ್ ಕ್ಲೌಡ್ ಕುಗ್ಗಿಸುವ ಪ್ರಸ್ತಾಪಗಳನ್ನು ಕರೆಯಿತು. ಅದರಿಂದ ಎರಡು ಸ್ಟಾಂಡರ್ಡ್ ಹುಟ್ಟಿದವು. ಒಂದು ವಿ-ಪಿಸಿಸಿ, ಚುಕ್ಕಿಗಳನ್ನು ಚಪ್ಪಟೆ ಚಿತ್ರ ಮಾಡಿ ವಿಡಿಯೋ ಕೋಡರ್‌ಗೆ ಕೊಡುತ್ತದೆ. ಇನ್ನೊಂದು ಜಿ-ಪಿಸಿಸಿ, ಆಕ್ಟ್ರೀ ಹಿಡಿದು ನೇರವಾಗಿ ಮೂರು ಆಯಾಮದಲ್ಲೇ ಕೆಲಸ ಮಾಡುತ್ತದೆ. ನಾನು ಹೇಳುವುದು ಎರಡನೆಯದರ ಬಗ್ಗೆ.

ಜಿ-ಪಿಸಿಸಿ ಮರವನ್ನು ಮಟ್ಟ ಮಟ್ಟವಾಗಿ ಬರೆಯುತ್ತದೆ, ಒಂದು ಕೊಂಬೆ ಹಿಡಿದು ತುದಿವರೆಗೆ ಇಳಿಯಲ್ಲ. ಯಾಕೆ? ಒಂದು ಪೆಟ್ಟಿಗೆಯ ಮರಿಗಳನ್ನು ಬರೆಯುವ ಹೊತ್ತಿಗೆ ಅದೇ ಮಟ್ಟದ ಅಕ್ಕಪಕ್ಕದ ಪೆಟ್ಟಿಗೆಗಳೆಲ್ಲ ಖಾಲಿಯೋ ತುಂಬಿವೆಯೋ ಅಂತ ಡಿಕೋಡರ್‌ಗೆ ಆಗಲೇ ಗೊತ್ತಿರುತ್ತದೆ. ಎಡ, ಬಲ, ಹಿಂದೆ, ಮುಂದೆ, ಮೇಲೆ, ಕೆಳಗೆ, ಆರು ನೆರೆಹೊರೆ. ಕೆಳಗಿನ ನೆರೆಯವನು ತುಂಬಿದ್ದು ಮೇಲಿನವನು ಖಾಲಿ ಇದ್ದರೆ ಏನು ಊಹಿಸುತ್ತೀರಿ? ಮೇಲ್ಮೈ ಈ ಪೆಟ್ಟಿಗೆಯ ತಳದ ಕಡೆ ಇದ್ದೀತು, ಹಾಗಾಗಿ ತಳದ ನಾಲ್ಕು ಮರಿಗಳು ತುಂಬಿರುವ ಸಾಧ್ಯತೆ ಜಾಸ್ತಿ, ಮೇಲಿನ ನಾಲ್ಕು ಖಾಲಿ ಇರುವ ಸಾಧ್ಯತೆ ಜಾಸ್ತಿ. ಇದನ್ನು ಯಾರೂ ಕೋಡ್‌ನಲ್ಲಿ ಬರೆದಿಡಬೇಕಾಗಿಲ್ಲ. ‘ಕೆಳಗೆ ತುಂಬಿದೆ, ಮೇಲೆ ಖಾಲಿ’ ಅನ್ನೋ ಸಂದರ್ಭಕ್ಕೆ ಬೇರೆಯೇ ಒಂದು ಅಂಕಿ ಇಟ್ಟರೆ ಸಾಕು, ಮೇಲೆ ಹೇಳಿದ ಆ ಎರಡು ಸಾಲಿನ ನಿಯಮ ಅದನ್ನು ತಾನೇ ಕಲಿಯುತ್ತದೆ.

ಹಾಗಾದರೆ ಆದಷ್ಟು ಜಾಸ್ತಿ ನೆರೆಹೊರೆ ನೋಡಿದರೆ ಒಳ್ಳೇದಲ್ವಾ? ಇಲ್ಲೇ ಎಲ್ಲರೂ ಜಾರುವುದು. ಆರು ನೆರೆಯವರು ಅಂದರೆ 64 ಬಗೆ. ಬೈಟ್‌ನ ಎಂಟು ಬಿಟ್ ಒಂದಾದ ಮೇಲೊಂದು ಬರೆಯುತ್ತೇವೆ, ಅದೇ ಬೈಟ್‌ನಲ್ಲಿ ಈಗಾಗಲೇ ಬಂದ ಬಿಟ್‌ಗಳನ್ನೂ ನೋಡಿದರೆ 255 ಸ್ಥಿತಿ. ಗುಣಿಸಿದರೆ 16,320 ಕಾಂಟೆಕ್ಸ್ಟ್. ಲಾಂಗ್‌ಡ್ರೆಸ್‌ನ ಒಂದು ಫ್ರೇಮ್‌ನಲ್ಲಿ ಬರೆಯಬೇಕಾದ್ದು ಸುಮಾರು 21 ಲಕ್ಷ ಹೌದು-ಇಲ್ಲಗಳು. ಒಂದು ಕಾಂಟೆಕ್ಸ್ಟ್‌ಗೆ ಸರಾಸರಿ 130 ಉತ್ತರ. ಅದೂ ಸಮವಾಗಿ ಹಂಚಿಕೆಯಾಗಲ್ಲ, ಕೆಲವಕ್ಕೆ ಸಾವಿರಾರು, ಎಷ್ಟೋ ಕಾಂಟೆಕ್ಸ್ಟ್‌ಗಳಿಗೆ ನಾಲ್ಕೋ ಐದೋ. ಅವು ಅರ್ಧ-ಅರ್ಧದಿಂದ ಶುರುವಾಗಿ ಕಲಿಯುವಷ್ಟರಲ್ಲಿ ಫ್ರೇಮ್ ಮುಗಿದೇಹೋಗುತ್ತದೆ. ಮೂಲೆಗಳನ್ನೂ ಸೇರಿಸಿ 26 ನೆರೆಯವರನ್ನು ನೋಡುತ್ತೇನೆ ಅಂದರೆ 6,71,08,864 ಬಗೆ. 21 ಲಕ್ಷ ಪ್ರಶ್ನೆಗೆ 6.7 ಕೋಟಿ ಕಾಂಟೆಕ್ಸ್ಟ್, ಯಾವುದೂ ಏನೂ ಕಲಿಯಲ್ಲ.

ಜಿ-ಪಿಸಿಸಿಯಲ್ಲಿ ಇದಕ್ಕೆ ಮಾಡಿದ ಉಪಾಯ ಚೆನ್ನಾಗಿದೆ. ಘನವನ್ನು ಕೈಯಲ್ಲಿ ಹಿಡಿದು ತಿರುಗಿಸಿ ಅಂದುಕೊಳ್ಳಿ. ‘ಎಡಗಡೆ ಮಾತ್ರ ತುಂಬಿದೆ’ ಅನ್ನೋದನ್ನು ತಿರುಗಿಸಿದರೆ ‘ಕೆಳಗೆ ಮಾತ್ರ ತುಂಬಿದೆ’ ಆಗುತ್ತದೆ. ಎರಡೂ ಒಂದೇ ಪರಿಸ್ಥಿತಿ, ನೋಡುವ ದಿಕ್ಕು ಬೇರೆ. ಹೀಗೆ ತಿರುಗಿಸಿ, ಕನ್ನಡಿ ಹಿಡಿದು ಒಂದೇ ಅನಿಸುವವನ್ನೆಲ್ಲ ಗುಂಪು ಮಾಡಿದರೆ 64 ಇದ್ದದ್ದು 10ಕ್ಕೆ ಇಳಿಯುತ್ತದೆ. ಮರಿಗಳ ಬಿಟ್‌ಗಳನ್ನೂ ಅದಕ್ಕೆ ತಕ್ಕ ಹಾಗೆ ಹಿಂದೆಮುಂದೆ ಮಾಡಬೇಕು, ಅದನ್ನು ಮರೆತರೆ ಕಲಿತದ್ದೆಲ್ಲ ಕಲಸುಮೇಲೋಗರ. ಈಗ 2,550 ಕಾಂಟೆಕ್ಸ್ಟ್, ಒಂದಕ್ಕೆ ಸರಾಸರಿ 800ರ ಮೇಲೆ ಉತ್ತರ. ನಾನು ಲೆಕ್ಕ ಸರಳ ಮಾಡಿ ಹೇಳುತ್ತಿದ್ದೇನೆ, ಒಳಗೆ ಇನ್ನೂ ಕುಸುರಿ ಕೆಲಸ ಇದೆ.

ಇನ್ನೂ ಜಾಣ ದಾರಿ ಒಂದಿದೆ, ಡೈನಾಮಿಕ್ ಓಬಫ್ ಅಂತ ಕರೆಯುತ್ತಾರೆ. ನೋಡಬಹುದಾದ ವಿವರಗಳನ್ನು ಮುಖ್ಯವಾದದ್ದು ಮೊದಲು ಅಂತ ಸಾಲಾಗಿ ಜೋಡಿಸಿಡಿ. ಶುರುವಿನಲ್ಲಿ ಮೊದಲ ಕೆಲವು ವಿವರ ಮಾತ್ರ ನೋಡಿ. ಒಂದು ಕಾಂಟೆಕ್ಸ್ಟ್ ಸಾಕಷ್ಟು ಸಲ ಬಂತು ಅಂದಾಗ ಅದನ್ನು ಎರಡಾಗಿ ಒಡೆದು ಇನ್ನೊಂದು ವಿವರ ಸೇರಿಸಿ, ಮರಿಗಳಿಗೆ ಅಪ್ಪನ ಅಂಕಿಯನ್ನೇ ಕೊಡಿ, ಮತ್ತೆ ಅರ್ಧ-ಅರ್ಧದಿಂದ ಶುರು ಮಾಡಿಸಬೇಡಿ. ಹೀಗೆ ಮಾಡಿದರೆ ಜಾಸ್ತಿ ಡೇಟಾ ಸಿಕ್ಕ ಕಡೆ ಸೂಕ್ಷ್ಮವಾಗಿ ನೋಡುತ್ತದೆ, ಕಡಿಮೆ ಸಿಕ್ಕ ಕಡೆ ಒರಟಾಗಿಯೇ ಉಳಿಯುತ್ತದೆ. ಎಷ್ಟು ನೋಡಬೇಕು ಅನ್ನೋದನ್ನೂ ಡೇಟಾನೇ ತೀರ್ಮಾನ ಮಾಡಲಿ ಅಂತ ಬಿಟ್ಟುಬಿಡುವುದು. ನನಗೆ ಇದೇ ಸರಿಯಾದ ದಾರಿ ಅನಿಸುತ್ತದೆ.

ಇಷ್ಟೊತ್ತು ಹೇಳಿದ್ದೆಲ್ಲ ಒತ್ತೊತ್ತಾದ ಮೇಲ್ಮೈಗೆ. ಕಾರಿನ ಲೈಡಾರ್‌ಗೆ ಬನ್ನಿ, ಕಥೆ ಬದಲಾಗುತ್ತದೆ. ಇಲ್ಲಿ ಚುಕ್ಕಿಗಳು ವಿರಳ. 50 ಮೀಟರ್ ದೂರದಲ್ಲಿ ಪಕ್ಕದ ಚುಕ್ಕಿಯೂ ಸುಮಾರು ದೂರ, ಆದರೆ ಬೇಕಾದ ನಿಖರತೆ ಸೆಂಟಿಮೀಟರ್ ಲೆಕ್ಕದ್ದು. ಮರದಲ್ಲಿ ಕೆಲವೇ ಮಟ್ಟ ಇಳಿಯುವಷ್ಟರಲ್ಲಿ ಪೆಟ್ಟಿಗೆಗೆ ಒಂದೇ ಚುಕ್ಕಿ ಉಳಿಯುತ್ತದೆ. ಅಲ್ಲಿಂದ ಕೆಳಗೆ ಎಲ್ಲ ಕಡೆ ಎಂಟರಲ್ಲಿ ಒಂದು ಮರಿ ಮಾತ್ರ ತುಂಬಿದೆ. ಯಾವುದು? ಎಂಟಕ್ಕೂ ಸಮ ಸಾಧ್ಯತೆ, 3 ಬಿಟ್. ಎಂಥ ಅಡಾಪ್ಟಿವ್ ಕೋಡರ್ ತಂದರೂ 3ಕ್ಕಿಂತ ಕೆಳಗೆ ಬರಲ್ಲ, ಯಾಕೆಂದರೆ ಊಹಿಸಲು ಅಲ್ಲಿ ಏನೂ ಇಲ್ಲ. ನೆರೆಯವರೆಲ್ಲ ಖಾಲಿ. ಹಾಗಾಗಿ ಜಿ-ಪಿಸಿಸಿಯಲ್ಲಿ ಒಂಟಿ ಚುಕ್ಕಿ ಅಂತ ಗೊತ್ತಾದರೆ ಮರ ಇಳಿಯುವ ನಾಟಕ ಬಿಟ್ಟು ಉಳಿದ ಬಿಟ್‌ಗಳನ್ನು ನೇರವಾಗಿ ಬರೆದುಬಿಡುವ ಒಂದು ವಿಧಾನ ಇದೆ.

ಹಾಗಂತ ಲೈಡಾರ್‌ನಲ್ಲಿ ಊಹಿಸಲು ಏನೂ ಇಲ್ಲ ಅಂತ ಅಲ್ಲ. ನೋಡುವ ಜಾಗ ಬೇರೆ. ಆ 64 ಲೇಸರ್‌ಗಳು ಒಂದೊಂದೂ ಒಂದು ನಿಗದಿಯಾದ ಕೋನದಲ್ಲಿ ಕೂತಿವೆ. ಎಕ್ಸ್, ವೈ ಗೊತ್ತಾಯಿತು, ಯಾವ ಲೇಸರ್ ಅಂತಲೂ ಗೊತ್ತಾಯಿತು ಅಂದರೆ ಝಡ್ ಹೆಚ್ಚೂಕಮ್ಮಿ ಗೊತ್ತಾದ ಹಾಗೇ. ಜಿ-ಪಿಸಿಸಿಯ ಆಂಗ್ಯುಲರ್ ಮೋಡ್ ಸೆನ್ಸರ್‌ನ ಈ ಕೋನಗಳನ್ನು ಮೊದಲೇ ಕಳಿಸಿ, ಅದನ್ನೇ ಕಾಂಟೆಕ್ಸ್ಟ್ ಮಾಡಿಕೊಳ್ಳುತ್ತದೆ. ಇನ್ನೊಂದು ಮೋಡ್‌ನಲ್ಲಿ ಆಕ್ಟ್ರೀಯನ್ನೇ ಬಿಟ್ಟು, ಲೇಸರ್ ತಿರುಗಿದ ಹಾಗೇ ದೂರ, ಕೋನ, ಲೇಸರ್ ಸಂಖ್ಯೆ ಅಂತ ಬರೆಯುತ್ತಾ ಹಿಂದಿನ ಚುಕ್ಕಿಯಿಂದ ಮುಂದಿನದನ್ನು ಊಹಿಸುತ್ತಾರೆ. ಯಂತ್ರ ಡೇಟಾ ಹೇಗೆ ಹುಟ್ಟಿಸಿತು ಅಂತ ಗೊತ್ತಿದ್ದರೆ ಅದಕ್ಕಿಂತ ಒಳ್ಳೆ ಕಾಂಟೆಕ್ಸ್ಟ್ ಬೇರೆ ಬೇಕಾ?

ವಿಮಾನದಿಂದ ಮಾಡುವ ಸರ್ವೆ ಇನ್ನೊಂದು ಲೋಕ. ಅಲ್ಲಿ ರಾಜ ಲಾಸ್‌ಜಿಪ್. ಮಾರ್ಟಿನ್ ಇಸೆನ್‌ಬರ್ಗ್ ಬರೆದದ್ದು, ಸರ್ವೆಯವರು ಪಾಯಿಂಟ್‌ಗಳನ್ನು ಇಡುವ ಲಾಸ್ ಫೈಲನ್ನು ಕುಗ್ಗಿಸಿ ಲಾಝ್ ಫೈಲ್ ಮಾಡುತ್ತದೆ. ಅಮೆರಿಕದ ಭೂಸರ್ವೆ ಸಂಸ್ಥೆ, ನೆದರ್‌ಲ್ಯಾಂಡ್ಸ್‌ನ ಎತ್ತರದ ನಕ್ಷೆ, ಎಲ್ಲ ಲಾಝ್‌ನಲ್ಲೇ ಸಿಗುತ್ತವೆ. ಮೂಲದ ಶೇ. 7ರಿಂದ 25ರಷ್ಟಕ್ಕೆ ಇಳಿಯುತ್ತದೆ ಅಂತ ಇಸೆನ್‌ಬರ್ಗ್ ತಮ್ಮ ಲೇಖನದಲ್ಲಿ ವರದಿ ಮಾಡಿದ್ದಾರೆ. ಜಿ-ಪಿಸಿಸಿಗೂ ಇದಕ್ಕೂ ಮುಖ್ಯ ವ್ಯತ್ಯಾಸ, ಇದು ಪಾಯಿಂಟ್‌ಗಳ ಕ್ರಮ ಕಾಪಾಡುತ್ತದೆ. ಸರ್ವೆಯವರಿಗೆ ಕ್ರಮ ಬೇಕು, ಜಿಪಿಎಸ್ ಸಮಯ ಬೇಕು, ಒಂದು ಲೇಸರ್ ಬಡಿತಕ್ಕೆ ಎಷ್ಟನೇ ಪ್ರತಿಧ್ವನಿ ಅಂತ ಬೇಕು. ಆಗಲೇ ಹೇಳಿದ 18 ಬಿಟ್ ಇಲ್ಲಿ ಬಿಟ್ಟಿ ಸಿಗಲ್ಲ. ಆದರೆ ಕ್ರಮ ಇರುವುದರಿಂದಲೇ ಊಹೆಯೂ ಸುಲಭ: ಹಿಂದಿನ ಕೆಲವು ಹೆಜ್ಜೆಗಳ ನಡುವಿನ ಬೆಲೆ ತೆಗೆದು ಮುಂದಿನ ಹೆಜ್ಜೆ ಊಹಿಸು, ತಪ್ಪಿದ್ದನ್ನು ಮಾತ್ರ ಬರೆ. ಬರೆಯುವಾಗಲೂ, ತಪ್ಪು ಎಷ್ಟು ಬಿಟ್ ಉದ್ದದ್ದು ಅನ್ನೋದನ್ನು ಅಡಾಪ್ಟಿವ್ ಆಗಿ, ಮೇಲಿನ ಬಿಟ್‌ಗಳನ್ನೂ ಅಡಾಪ್ಟಿವ್ ಆಗಿ, ಕೆಳಗಿನ ಬಿಟ್‌ಗಳನ್ನು ಸುಮ್ನೆ ಹಾಗೇ. ಕೆಳಗಿನ ಬಿಟ್‌ಗಳಲ್ಲಿ ಇರುವುದು ಬರೀ ಗದ್ದಲ, ಗದ್ದಲ ಯಾರಿಗೂ ಕುಗ್ಗಲ್ಲ. ಸೆಂಟಿಮೀಟರ್‌ಗಳಷ್ಟು ತಪ್ಪುವ ಲೇಸರ್‌ನ ಅಳತೆಯನ್ನು ಮಿಲಿಮೀಟರ್‌ಗಿಂತ ಸಣ್ಣಗೆ ಬರೆದಿಡುವವರ ಮೇಲೆ ಇಸೆನ್‌ಬರ್ಗ್‌ಗೆ ಬಹಳ ಸಿಟ್ಟಿತ್ತು, ನ್ಯಾಯವಾದ ಸಿಟ್ಟು. ಬೇಡದ ಒಂದು ದಶಮಾಂಶ ಸ್ಥಾನ ಅಂದರೆ ಅಕ್ಷಕ್ಕೆ 3.3 ಬಿಟ್ ದಂಡ. ಎಂಟ್ರೊಪಿ ಕೋಡಿಂಗ್‌ನಲ್ಲಿ ತಿಂಗಳುಗಟ್ಟಲೆ ಒದ್ದಾಡಿ ಉಳಿಸಿದ್ದನ್ನೆಲ್ಲ ಅದು ಒಂದೇ ಏಟಿಗೆ ನುಂಗುತ್ತದೆ.

ಬಣ್ಣದ ಬಗ್ಗೆ ಎರಡು ಮಾತು. ರಿಕಾರ್ಡೊ ಡಿ ಕೇರೋಜ್, ಫಿಲಿಪ್ ಚೌ 2016ರಲ್ಲಿ ಕೊಟ್ಟ ರಾಹ್ಟ್ ಅನ್ನೋ ವಿಧಾನ ಜಿ-ಪಿಸಿಸಿಯಲ್ಲಿದೆ. ಅದೇ ಮರದ ಮೇಲೆ ಕೆಳಗಿಂದ ಹತ್ತುತ್ತಾ ಅಕ್ಕಪಕ್ಕದ ಬಣ್ಣಗಳನ್ನು ಸರಾಸರಿ ಮತ್ತು ವ್ಯತ್ಯಾಸ ಅಂತ ಬಿಡಿಸುತ್ತದೆ. ಕ್ವಾಂಟೈಸ್ ಮಾಡಿದ, ಅಂದರೆ ಅಂಕಿಗಳನ್ನು ಒರಟಾಗಿ ದುಂಡಾಗಿಸಿದ ಮೇಲೆ ವ್ಯತ್ಯಾಸಗಳಲ್ಲಿ ಮುಕ್ಕಾಲುಪಾಲು ಸೊನ್ನೆ, ಸೊನ್ನೆಗಳ ಸಾಲನ್ನು ಅಡಾಪ್ಟಿವ್ ಕೋಡರ್‌ಗೆ ಕೊಟ್ಟರೆ ಅದು ಖುಷಿಯಾಗಿ ನುಂಗುತ್ತದೆ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಬರೆಯುತ್ತೇನೆ.

ಎಎನ್‌ಎಸ್ ಅನ್ನೋ ಹೊಸ ಎಂಟ್ರೊಪಿ ಕೋಡಿಂಗ್ ವಿಧಾನ ಬಂದ ಮೇಲೆ ಅರಿತ್‌ಮೆಟಿಕ್ ಕೋಡಿಂಗ್ ಯಾಕೆ ಅಂತ ಒಬ್ಬರು ಕೇಳಿದರು. ಪೋಲೆಂಡಿನ ಯಾರೆಕ್ ದೂದಾ ಕೊಟ್ಟ ಎಎನ್‌ಎಸ್ ಬಹಳ ವೇಗ. ಫೈಲ್ ಕುಗ್ಗಿಸುವ ಝಡ್‌ಸ್ಟಾಂಡರ್ಡ್‌ನಲ್ಲಿದೆ, ಮೂರು ಆಯಾಮದ ಡೇಟಾ ಕುಗ್ಗಿಸಲು ಗೂಗಲ್ 2017ರಲ್ಲಿ ಬಿಟ್ಟ ಡ್ರಾಕೊದಲ್ಲೂ ಇದೆ. ಆದರೆ ಅದರ ಗುಣ ಏನೆಂದರೆ ಕೊನೆಗೆ ಬರೆದದ್ದು ಮೊದಲು ಹೊರಗೆ ಬರುತ್ತದೆ. ಡಿಕೋಡರ್ ಮುಂದಕ್ಕೆ ಓದಬೇಕಾದರೆ ಎನ್‌ಕೋಡರ್ ಹಿಂದಿನಿಂದ ಬರೆಯಬೇಕು. ಅಡಾಪ್ಟಿವ್ ಅಂದರೆ ಮುಂದಕ್ಕೆ ಹೋಗುತ್ತಾ ಕಲಿಯುವುದು. ಹಾಗಾಗಿ ಎನ್‌ಕೋಡರ್ ಮೊದಲು ಮುಂದಕ್ಕೆ ಓಡಿ ಎಲ್ಲ ಸಾಧ್ಯತೆಗಳನ್ನೂ ಬರೆದಿಟ್ಟುಕೊಂಡು, ಆಮೇಲೆ ಹಿಂದಿನಿಂದ ಬರೆಯುತ್ತಾ ಬರಬೇಕು. ಮಾಡಬಹುದು, ಮೆಮೊರಿ ಬೇಕು. ಪ್ರತಿ ಬಿಟ್‌ಗೂ ಸಾಧ್ಯತೆ ಬದಲಾಗುವ ಕಡೆ ಹಳೆಯ ಬೈನರಿ ಅರಿತ್‌ಮೆಟಿಕ್ ಕೋಡರೇ ಸಲೀಸು.

ಎಐ ಬಂದ ಮೇಲೆ ಇದೆಲ್ಲ ಬೇಕಾ ಅನ್ನೋದು ಎರಡನೆಯದು, ಬಂದೇ ಬರುತ್ತದೆ ಅಂತ ಗೊತ್ತಿತ್ತು. 2020ರಲ್ಲಿ ಊಬರ್‌ನವರ ಆಕ್ಟ್‌ಸ್ಕ್ವೀಝ್ ಬಂತು, ಆಮೇಲೆ ಆಕ್ಟ್‌ಅಟೆನ್ಷನ್, ಇನ್ನೂ ಹಲವು. ಇವೆಲ್ಲ ಮಾಡುವುದು ಏನು? ಅಪ್ಪ, ಅಜ್ಜ ಪೆಟ್ಟಿಗೆಗಳನ್ನು, ಕೆಲವು ಅಕ್ಕಪಕ್ಕದವನ್ನೂ ನೋಡಿ ನ್ಯೂರಲ್ ನೆಟ್‌ವರ್ಕ್‌ನಿಂದ ಸಾಧ್ಯತೆ ತೆಗೆಯುತ್ತವೆ. 6.7 ಕೋಟಿ ಕಾಂಟೆಕ್ಸ್ಟ್‌ನ ಕಷ್ಟ ಅದಕ್ಕಿಲ್ಲ, ಕಾಣದ ಸಂದರ್ಭಕ್ಕೂ ಹತ್ತಿರದ ಒಂದು ಊಹೆ ಕೊಡುತ್ತದೆ. ಆದರೆ ಕೊನೆಗೆ ಆ ಸಾಧ್ಯತೆ ಹೋಗುವುದು ಅದೇ ಅರಿತ್‌ಮೆಟಿಕ್ ಕೋಡರ್‌ಗೆ. ತೊಂದರೆ ಇರುವುದೂ ಅಲ್ಲೇ. ಇಬ್ಬರ ಅಂಕಿಯೂ ಸದಾ ಒಂದೇ ಇರಬೇಕು ಅಂದೆನಲ್ಲ, ಎನ್‌ಕೋಡ್ ಮಾಡಿದ ಜಿಪಿಯು ಒಂದು, ಡಿಕೋಡ್ ಮಾಡುವ ಜಿಪಿಯು ಇನ್ನೊಂದು ಆದರೆ ಫ್ಲೋಟ್ ಕೂಡುವ ಕ್ರಮ ಬದಲಾಗಿ ಕೊನೆಯ ಅಂಕಿಯಲ್ಲಿ ಕೂದಲೆಳೆ ವ್ಯತ್ಯಾಸ ಬರಬಹುದು. ಗೆರೆಯ ತುಂಡು ಒಂದು ಕಡೆ ಚೂರು ಜರುಗಿದರೂ ಸಾಕು, ಒಂದು ಬಿಟ್ ತಪ್ಪಾಗಿ ಓದುತ್ತದೆ, ಅಲ್ಲಿಂದ ಮುಂದೆ ಎಲ್ಲ ಕಸ. ಅದಕ್ಕೇ ಇದನ್ನು ನಿಜವಾಗಿ ಬಳಕೆಗೆ ತರುವವರು ನೆಟ್‌ವರ್ಕನ್ನು ಪೂರ್ಣಾಂಕದಲ್ಲಿ ಓಡಿಸಲು ನೋಡುತ್ತಾರೆ.

ಮೂರನೆಯದು ಮರೆಯುವುದರ ಬಗ್ಗೆ. ಇಡೀ ಫೈಲ್ ಒಂದೇ ಸರಪಳಿ ಆದರೆ ಮಧ್ಯದ ಒಂದು ತುಂಡು ಮಾತ್ರ ಬೇಕು ಅಂದವನ ಗತಿ ಏನು, ದಾರಿಯಲ್ಲಿ ಒಂದು ಪ್ಯಾಕೆಟ್ ಕಳೆದರೆ ಏನು? ಉತ್ತರ, ಬೇಕಂತಲೇ ಮರೆಯಬೇಕು. ಲಾಝ್ ಫೈಲ್‌ನಲ್ಲಿ ರೂಢಿಯಾಗಿ ಪ್ರತಿ 50,000 ಪಾಯಿಂಟ್‌ಗೆ ಕಲಿತದ್ದನ್ನೆಲ್ಲ ಅಳಿಸಿ ಅರ್ಧ-ಅರ್ಧದಿಂದ ಮತ್ತೆ ಶುರು. ಹಾಗಾಗಿ ಯಾವ ತುಂಡಿನಿಂದ ಬೇಕಾದರೂ ಓದಬಹುದು. 2021ರ ಕೋಪ್ಕ್ ಅನ್ನೋ ಫೈಲ್ ಬಗೆ ಇದನ್ನೇ ಹಿಡಿದು ಲಾಝ್ ತುಂಡುಗಳನ್ನು ಆಕ್ಟ್ರೀ ಪ್ರಕಾರ ಜೋಡಿಸಿಟ್ಟಿತು, ಬ್ರೌಸರ್‌ನಲ್ಲಿ ಝೂಮ್ ಮಾಡಿದ ಜಾಗದ್ದು ಮಾತ್ರ ಇಳಿಸಿಕೊಂಡರಾಯಿತು. ಕೇಳಿದ ಹುಡುಗಿಗೆ ಒಂದು ಕೆಲಸ ಹೇಳಿದೆ, ನಿಮಗೂ ಹೇಳುತ್ತೇನೆ: ಲಾಸ್‌ಜಿಪ್‌ನ ಕೋಡ್ ಎಲ್ಲರಿಗೂ ತೆರೆದಿದೆ, ಇಳಿಸಿಕೊಳ್ಳಿ, ಆ 50,000ವನ್ನು 5,000 ಮಾಡಿ ಒಂದೇ ಫೈಲ್ ಎರಡು ಸಲ ಕುಗ್ಗಿಸಿ ನೋಡಿ. ಎರಡು ಫೈಲ್‌ಗಳ ನಡುವೆ ಬರುವ ವ್ಯತ್ಯಾಸದಲ್ಲಿ ಬಹುಪಾಲು ಮತ್ತೆ ಮತ್ತೆ ಕಲಿಯುವುದಕ್ಕೆ ಕೊಟ್ಟ ಫೀಸು.